ಗೈಡ್ ಮುಂದೆ, ನೀವು ಹಿಂದೆ: ಹಿಡ್ಲುಮನೆ ಚಾರಣದ ಸೂತ್ರಗಳು

ನಿಟ್ಟೂರು ಕಡೆಯಿಂದ ಕೊಡಚಾದ್ರಿ ಹತ್ತುವವರಿಗೆ ದಾರಿಯಲ್ಲೇ ಹಿಡ್ಲುಮನೆ ಜಲಪಾತ ಸಿಗುತ್ತದೆ. ಬೆಟ್ಟದ ಎತ್ತರ 1,343 ಮೀಟರ್. ಇಳಿದು ಬಂದ ಮರುದಿನ ನೋಡಲು ಲಿಂಗನಮಕ್ಕಿಯ ಹಿನ್ನೀರಿದೆ. ಚಳಿಗಾಲದಲ್ಲಿ ಇಷ್ಟನ್ನೂ ಸುಸೂತ್ರವಾಗಿ ಮುಗಿಸಬೇಕೆ?

1. ನವೆಂಬರ್, ಡಿಸೆಂಬರ್‌ನಲ್ಲೇ ಹೋಗಿ. ಮಳೆ ನಿಂತಿರುತ್ತದೆ, ಇಂಬಳದ ಕಾಟ ತಗ್ಗಿರುತ್ತದೆ, ಅಬ್ಬಿಯಲ್ಲಿ ನೀರೂ ಇರುತ್ತದೆ. ಸಂಕ್ರಾಂತಿ ಕಳೆದರೆ ಧಾರೆ ಸೊರಗುತ್ತದೆ. ಬೇಸಿಗೆ ಹತ್ತಿರ ಬಂದಂತೆ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದೂ ಉಂಟು.

2. ಅನುಮತಿ ಮೊದಲು, ಬಸ್ ಟಿಕೆಟ್ ಆಮೇಲೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ನಿಯಮಗಳು ಬಿಗಿಯಾಗಿವೆ. ದಾರಿ ತೆರೆದಿದೆಯೇ ಎಂದು ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ನೋಡಿಕೊಳ್ಳಿ.

3. ಬೆಳಿಗ್ಗೆ ಬೇಗ ಹೊರಡಿ. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ. ಮರಗಳ ಅಡಿಯಲ್ಲಿ ಐದಕ್ಕೇ ಮಬ್ಬು. ಟಾರ್ಚ್ ಇರಲಿ. ಮೊಬೈಲ್ ಬೆಳಕನ್ನು ನಂಬಬೇಡಿ.

4. ಉಣುಗಿಗೆ ಹೆದರಿ. ಹುಲಿ, ಚಿರತೆಯ ಮಾತಾಡುವವರೇ ಹೆಚ್ಚು, ಆದರೆ ಮಲೆನಾಡಿನ ಚಳಿಗಾಲದಲ್ಲಿ ನಿಜವಾಗಿ ಎಚ್ಚರವಿರಬೇಕಾದದ್ದು ಇದಕ್ಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಈ ಉಣುಗೇ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಮರಿ ಉಣುಗು ಎಳ್ಳುಕಾಳಿನಷ್ಟಿರುತ್ತದೆ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸಿಕ್ಕಿಸಿ. ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ದಣಿವಾದರೆ ಬಂಡೆಯ ಮೇಲೆ ಕೂರಿ, ತರಗೆಲೆಯ ಮೇಲೆ ಬೇಡ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗೈಡ್‌ಗೆ ತಿಳಿಸಿ. ಸಂಜೆ ಬಿಸಿನೀರು, ಸೋಪಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.

5. ನಿಧಾನ ನಡೆಯುವವರು ಗೈಡ್ ಬೆನ್ನಿಗೇ ಇರಲಿ. ಗಟ್ಟಿಗರು ಕೊನೆಗೆ. ತಂಡ ಚದುರುವುದಿಲ್ಲ.

6. ಜಲಪಾತದ ಬಳಿ ಗೈಡ್ ಕಾಲಿಟ್ಟಲ್ಲೇ ಕಾಲಿಡಿ. ಒಣಗಿದಂತೆ ಕಾಣುವ ಕಪ್ಪು ಬಂಡೆಯ ಮೇಲೂ ಪಾಚಿಯ ಪದರವಿರುತ್ತದೆ, ಚಳಿಗಾಲದ ಇಬ್ಬನಿಗೆ ಅದು ಬೆಳಗಿನ ಹೊತ್ತು ಇನ್ನಷ್ಟು ಜಾರುತ್ತದೆ. ಸೆಲ್ಫಿಗಾಗಿ ಹಿಂದೆ ಹಿಂದೆ ಸರಿಯುವವರ ಕೈಯಿಂದ ಫೋನ್ ಕಿತ್ತುಕೊಂಡರೂ ತಪ್ಪಿಲ್ಲ.

7. ಬುತ್ತಿಗೆ ಚಪಾತಿ, ಚಟ್ನಿಪುಡಿ ಸಾಕು. ಪ್ಲಾಸ್ಟಿಕ್ ವಾಪಸ್ ತನ್ನಿ.

8. ಹಿನ್ನೀರನ್ನು ದಡದಲ್ಲಿ ನಿಂತು ನೋಡಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಊರು, ಗದ್ದೆ, ಕಾಡು ಎಲ್ಲವೂ ಮುಳುಗಿದವು. ಆ ಮರಗಳ ಬೊಡ್ಡೆಗಳು ಇಂದಿಗೂ ನೀರೊಳಗಿವೆ. ಈಜು ಎಷ್ಟೇ ಚೆನ್ನಾಗಿ ಬಂದರೂ ಇಳಿಯಬೇಡಿ. ಸಿಗಂದೂರಿನ ಕಡೆ ಹೋಗುವವರಿಗೆ 2025ರ ಜುಲೈನಿಂದ ಸೇತುವೆಯಿದೆ, ಲಾಂಚಿಗೆ ಕಾಯಬೇಕಿಲ್ಲ.

9. ಗೈಡ್ ಜತೆ ಚೌಕಾಸಿ ಬೇಡ. ಮಳೆಗಾಲದಲ್ಲಿ ಅವರಿಗೆ ಈ ಕೆಲಸ ಅಷ್ಟಕ್ಕಷ್ಟೆ, ದುಡಿಮೆಯೆಲ್ಲ ಈ ಕೆಲವು ತಿಂಗಳುಗಳದ್ದೇ. ಮೊದಲೇ ಒಪ್ಪಿಕೊಂಡ ದುಡ್ಡನ್ನು ಕೆಳಗಿಳಿದ ಕೂಡಲೇ ಕೈಗೆ ಕೊಟ್ಟುಬಿಡಿ.