ತಪ್ಪು ಕಾಣುವ ಪಾಠ: ಆನ್‌ಲೈನ್ ಬೋಧನೆಯ ಗುಣಮಟ್ಟ ಮತ್ತು ನನ್ನದೊಂದು ಅಭ್ಯಾಸ ಪಾಠ

ಪೀಠಿಕೆ

ನಾನು ಗೋಕಾಕದಲ್ಲಿ ಬಿ.ಇಡಿ. ಓದುತ್ತಿರುವ ಪ್ರಶಿಕ್ಷಣಾರ್ಥಿ. ಊರು ಹುಕ್ಕೇರಿ ತಾಲೂಕಿನ ಒಂದು ಹಳ್ಳಿ. ಅಭ್ಯಾಸ ಪಾಠಕ್ಕೆ ನನಗೆ ಸಿಕ್ಕಿದ್ದು ಮೂಡಲಗಿ ತಾಲೂಕಿನ ಒಂದು ಪ್ರೌಢಶಾಲೆ. ಅಲ್ಲಿ ಹತ್ತನೆಯ ತರಗತಿಗೆ ಮಾಡಿದ ಒಂದು ಪಾಠ ಕೆಟ್ಟಿತು. ಅದು ಕೆಟ್ಟ ಕಾರಣ ಹುಡುಕುತ್ತ ಹೋದಾಗ, 2020ರಲ್ಲಿ ನಾನು ಬಿ.ಎಸ್ಸಿ. ನಾಲ್ಕನೆಯ ಸೆಮಿಸ್ಟರ್ ಪಾಸಾದ ರೀತಿಗೆ ಬಂದು ನಿಂತೆ. ಆನ್‌ಲೈನ್ ಬೋಧನೆಯ ಗುಣಮಟ್ಟವನ್ನು ವಿಶ್ವವಿದ್ಯಾಲಯಗಳ ಆಡಳಿತ ಯಾವುದರಿಂದ ಅಳೆಯಬೇಕು ಎಂಬ ಪ್ರಶ್ನೆಯನ್ನು ಆ ಒಂದು ಪಾಠದ ಮೂಲಕ ನೋಡುವುದು ಈ ಲೇಖನದ ಉದ್ದೇಶ.

ಪಾಠದಲ್ಲಿ ನಡೆದದ್ದು

ಘಟಕ: ವಿದ್ಯುಚ್ಛಕ್ತಿ. ಉಪಘಟಕ: ಓಮನ ನಿಯಮ. ಪಾಠ ಯೋಜನೆ ಅಚ್ಚುಕಟ್ಟಾಗಿತ್ತು. ಪ್ರೇರಣೆಗೆ ಗೋಕಾಕ ಜಲಪಾತದ ಹಳೆಯ ವಿದ್ಯುತ್ ಕೇಂದ್ರದ ಮಾತು ತೆಗೆದೆ, ಮಕ್ಕಳು ಖುಷಿಯಿಂದ ಉತ್ತರಿಸಿದರು. ನಂತರ ಪಠ್ಯಪುಸ್ತಕದಲ್ಲಿರುವ ಚಟುವಟಿಕೆ. ನೈಕ್ರೋಮ್ ತಂತಿ, 1.5 ವೋಲ್ಟಿನ ನಾಲ್ಕು ಸೆಲ್, ಅಮ್ಮೀಟರ್, ವೋಲ್ಟ್‌ಮೀಟರ್, ಪ್ಲಗ್ ಕೀ. ಒಂದೊಂದೇ ಸೆಲ್ ಹೆಚ್ಚಿಸುತ್ತ ವಿಭವಾಂತರ ಮತ್ತು ವಿದ್ಯುತ್ ಪ್ರವಾಹ ಅಳೆದು, ಅವುಗಳ ಅನುಪಾತ ಸ್ಥಿರವಾಗಿರುವುದನ್ನು ತೋರಿಸಬೇಕು.

ಅಮ್ಮೀಟರನ್ನು ಸರಣಿಯಲ್ಲಿ, ವೋಲ್ಟ್‌ಮೀಟರನ್ನು ಸಮಾಂತರವಾಗಿ ಜೋಡಿಸಬೇಕು ಎಂದು ಕಪ್ಪು ಹಲಗೆಯ ಮೇಲೆ ನಾನೇ ಬರೆದಿದ್ದೆ. ಆದರೆ ಮೇಜಿನ ಮೇಲೆ ವೈರುಗಳು ಒಂದರ ಮೇಲೊಂದು ಬಿದ್ದು, ನಲವತ್ತು ಕಣ್ಣು ನೋಡುತ್ತಿದ್ದಾಗ, ಎರಡು ಮೀಟರುಗಳನ್ನೂ ತಂತಿಯ ಎರಡು ತುದಿಗೇ ಸಿಕ್ಕಿಸಿಬಿಟ್ಟೆ. ಕೀ ಹಾಕಿದೊಡನೆ ಅಮ್ಮೀಟರಿನ ಮುಳ್ಳು ಟಕ್ಕನೆ ಕೊನೆಗೆ ಹೋಗಿ ಬಡಿಯಿತು. ಅಮ್ಮೀಟರಿನ ರೋಧ ತೀರ ಕಡಿಮೆ. ಅದನ್ನು ಸಮಾಂತರವಾಗಿ ಇಟ್ಟರೆ ಪ್ರವಾಹವೆಲ್ಲ ಅದರೊಳಗೇ ನುಗ್ಗುತ್ತದೆ. ಇದನ್ನು ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದಿದ್ದೇನೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ಟೀಚರ್, ಅಮ್ಮೀಟರ್ ಲೈನ್‌ನ್ಯಾಗ ಬರಬೇಕಲ್ರಿ? ನೀವು ಬಾಜೂಕ ಹಾಕೀರಿ" ಎಂದ. ಅವನ ತಂದೆ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಅವನನ್ನೇ ಮುಂದೆ ಕರೆದು ಜೋಡಿಸಲು ಹೇಳಿದೆ. ರೀಡಿಂಗ್ ಬಂತು, ಆದರೆ ಅಷ್ಟರಲ್ಲಿ ಗಂಟೆ ಹೊಡೆಯಿತು.

ಪಾಠದ ನಂತರ ಮಾರ್ಗದರ್ಶಕ ಉಪನ್ಯಾಸಕಿಯವರ ಮುಂದೆ, "ಮೇಡಂ, ನನಗ ಗೊತ್ತಿತ್ತರಿ, ಗಡಬಡ್ಯಾಗ ತಪ್ಪಾತು" ಎಂದೆ. ಅವರು ಅವಲೋಕನ ಪತ್ರ ತುಂಬುತ್ತಲೇ, "ನಿನಗ ಗೊತ್ತಿತ್ತು ಖರೆ. ನಿನ್ನ ಕೈಗೆ ಗೊತ್ತಿತ್ತೇನವ್ವಾ?" ಎಂದರು.

ಕೈಗೆ ಏಕೆ ಗೊತ್ತಿರಲಿಲ್ಲ?

ನಾನು 2018ರಲ್ಲಿ ಬಿ.ಎಸ್ಸಿ. ಸೇರಿದವಳು. ಮೂರನೆಯ ಸೆಮಿಸ್ಟರಿನಲ್ಲಿ, 2019ರ ಆಗಸ್ಟ್‌ನಲ್ಲಿ, ಘಟಪ್ರಭೆಗೆ ಮಹಾಪೂರ ಬಂದು ಗೋಕಾಕಕ್ಕೆ ನೀರು ನುಗ್ಗಿತು, ತರಗತಿಗಳು ನಿಂತವು. ನಾಲ್ಕನೆಯ ಸೆಮಿಸ್ಟರ್ ಅರ್ಧಕ್ಕೆ ಬಂದಾಗ, 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್. ವಿದ್ಯುತ್ತಿಗೆ ಸಂಬಂಧಿಸಿದ ಪ್ರಯೋಗಗಳು ನಮಗಿದ್ದದ್ದು ಆ ಸೆಮಿಸ್ಟರಿನಲ್ಲೇ. ಕಾಲೇಜಿನ ವಾಟ್ಸ್‌ಆಪ್ ಗುಂಪಿಗೆ ವೀಡಿಯೊ ಬರುತ್ತಿದ್ದವು. ಅವುಗಳಲ್ಲಿ ಮಂಡಲ ಮೊದಲೇ ಜೋಡಿಸಿ ಇಟ್ಟಿರುತ್ತಿತ್ತು. ಒಂದು ಕೈ ಬಂದು ಕೀ ಹಾಕುತ್ತಿತ್ತು, ಮುಳ್ಳು ಮೆಲ್ಲಗೆ ಸರಿದು ಸರಿಯಾದ ಜಾಗದಲ್ಲಿ ನಿಲ್ಲುತ್ತಿತ್ತು. ಆ ವೀಡಿಯೊಗಳಲ್ಲಿ ಯಾರೂ ತಪ್ಪು ಮಾಡಲಿಲ್ಲ. ನಾನು ರೀಡಿಂಗ್ ನೋಡಿಕೊಂಡು ಜರ್ನಲ್ ಬರೆದೆ. ಆಂತರಿಕ ಅಂಕ ಪೂರ್ತಿ ಬಂತು.

ಎಲ್ಲ ತಪ್ಪನ್ನೂ ಲಾಕ್‌ಡೌನಿನ ಮೇಲೆ ಹಾಕಿದರೆ ಸುಳ್ಳಾಗುತ್ತದೆ. ಪಿಯುಸಿಯಲ್ಲಿ ಇದೇ ಪ್ರಯೋಗ ಮಾಡಿದ್ದೆವು. ಐದು ಮಂದಿಯ ಗುಂಪಿನಲ್ಲಿ ವೈರು ಜೋಡಿಸುವವರು ಹುಡುಗರು. ಅಕ್ಷರ ಚೆಂದ ಎಂದು ರೀಡಿಂಗ್ ಬರೆಯುವ ಕೆಲಸ ನನ್ನದು. ಆಗಲೂ ನನ್ನ ಕೈಯಲ್ಲಿ ಇದ್ದದ್ದು ಪೆನ್ನೇ. ಆದರೆ ಪದವಿಯ ಪ್ರಯೋಗಾಲಯ ಈ ಕೊರತೆ ತುಂಬಬಹುದಿತ್ತು. ಅಲ್ಲಿ ಆ ಅವಕಾಶವೂ ಹೋಯಿತು.

ನಿಯಮ ಏನು ಹೇಳಿತ್ತು?

ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2020ರ ಏಪ್ರಿಲ್ 29ರಂದು ಮಾರ್ಗಸೂಚಿ ಹೊರಡಿಸಿತು. ಅದರ ಮುಖ್ಯ ಅಂಶಗಳು ಇವು. ಲಾಕ್‌ಡೌನ್ ಅವಧಿಯನ್ನು ಎಲ್ಲ ವಿದ್ಯಾರ್ಥಿಗಳೂ ಹಾಜರಾದ ಅವಧಿ ಎಂದೇ ಪರಿಗಣಿಸಬಹುದು. ಪರೀಕ್ಷೆ ನಡೆಸಲಾಗದ ಕಡೆ, ಮಧ್ಯದ ಸೆಮಿಸ್ಟರುಗಳಿಗೆ ಶೇ. 50 ಅಂಕ ಆಂತರಿಕ ಮೌಲ್ಯಮಾಪನದಿಂದ, ಉಳಿದ ಶೇ. 50 ಹಿಂದಿನ ಸೆಮಿಸ್ಟರಿನ ಸಾಧನೆಯಿಂದ. ಪ್ರಯೋಗಗಳಿಗೆ ವರ್ಚುವಲ್ ಲ್ಯಾಬ್ ಮತ್ತು ಧ್ವನಿಚಿತ್ರಗಳ ನೆರವು. ಮುಂದಕ್ಕೆ ಪಠ್ಯದ ಸುಮಾರು ಶೇ. 25 ಭಾಗ ಆನ್‌ಲೈನ್, ಶೇ. 75 ಭಾಗ ಮುಖಾಮುಖಿ ಬೋಧನೆ ಆಗುವಂತೆ ಅಧ್ಯಾಪಕರಿಗೆ ತರಬೇತಿ. ವಿದ್ಯಾರ್ಥಿಗಳ ಅಹವಾಲು ಕೇಳಲು ಪ್ರತಿ ವಿಶ್ವವಿದ್ಯಾಲಯದಲ್ಲಿ ಒಂದು ಘಟಕ.

ಇಂದು ಶಿಕ್ಷಕಿಯಾಗಲು ಹೊರಟವಳಾಗಿ ಇದನ್ನು ಮತ್ತೆ ಓದಿದಾಗ, ನಿಯಮ ಕರುಣೆಯಿಂದ ಕೂಡಿತ್ತು ಎಂದೇ ಅನಿಸುತ್ತದೆ. ಹಾಜರಾತಿ ಕಡ್ಡಾಯ ಮಾಡಿದ್ದರೆ ನನ್ನಂಥ ಎಷ್ಟೋ ಜನರ ವರ್ಷ ಹೋಗುತ್ತಿತ್ತು. ನಮ್ಮ ಹಳ್ಳಿಯಲ್ಲಿ ಸಿಗ್ನಲ್ ಸಿಗಬೇಕಾದರೆ ಕಬ್ಬಿನ ಹೊಲದ ಬದುವಿಗೆ ಹೋಗಬೇಕಿತ್ತು. ಮನೆಗೆ ಒಂದೇ ಸ್ಮಾರ್ಟ್‌ಫೋನ್. ಅಣ್ಣ ಕೆಲಸಕ್ಕೆ ಹೊರಟರೆ ಫೋನೂ ಹೊರಡುತ್ತಿತ್ತು.

ಆದರೆ ಹಾಜರಾದಂತೆ ಪರಿಗಣಿಸುವುದು ಬೇರೆ, ಕಲಿತಂತೆ ಪರಿಗಣಿಸುವುದು ಬೇರೆ. ಮೊದಲನೆಯದು ವಿದ್ಯಾರ್ಥಿಗೆ ರಕ್ಷಣೆ. ಅದೇ ಎರಡನೆಯದಾಗಿ ಬದಲಾದರೆ ವಿದ್ಯಾರ್ಥಿಗೇ ನಷ್ಟ. 2020ರ ನವೆಂಬರ್ 17ರಂದು ರಾಜ್ಯದಲ್ಲಿ ಪದವಿ ಕಾಲೇಜುಗಳು ಮತ್ತೆ ತೆರೆದವು. ನಾನು ಓದಿದ ಕಾಲೇಜಿನಲ್ಲಿ ಐದನೆಯ ಸೆಮಿಸ್ಟರಿನ ಪ್ರಯೋಗಗಳು ನಡೆದವು, ನಾಲ್ಕನೆಯದ್ದನ್ನು ಯಾರೂ ತಿರುಗಿ ನೋಡಲಿಲ್ಲ. ಅಂಕ ಬಂದಾಗಿತ್ತು. ನಾವೂ ಕೇಳಲಿಲ್ಲ. ಅಹವಾಲು ಘಟಕ ಇರುತ್ತದೆ ಎಂಬುದೇ ನನಗೆ ಗೊತ್ತಾದದ್ದು ಈ ಲೇಖನಕ್ಕಾಗಿ ಓದುವಾಗ.

ಶಾಲೆಯ ಮಕ್ಕಳ ಕಥೆ

ನಾನು ಪಾಠ ಮಾಡಿದ ಮಕ್ಕಳು 2020ರಲ್ಲಿ ಆರನೆಯ ತರಗತಿಗೆ ಬಂದವರು. ಅವರ ವಿಷಯದಲ್ಲೂ ನೀತಿ ತೂಗಾಡಿತ್ತು. ಆ ಜೂನ್‌ನಲ್ಲಿ ರಾಜ್ಯ ಸರಕಾರ ಕೆಳಗಿನ ತರಗತಿಗಳ ಆನ್‌ಲೈನ್ ಪಾಠಕ್ಕೆ ನಿರ್ಬಂಧ ಹೇರಿತು. ಜುಲೈ 8ರಂದು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಆಗಸ್ಟ್‌ನಲ್ಲಿ ಸರಕಾರಿ ಶಾಲೆಗಳ ಮಕ್ಕಳಿಗೆ ವಿದ್ಯಾಗಮ ಆರಂಭವಾಯಿತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು.

ಆಗಿನದು ಏನು ನೆನಪಿದೆ ಎಂದು ಕೇಳಿದೆ. ಟಿವಿ ಪಾಠದ ವಿಷಯ ಯಾರೂ ಎತ್ತಲಿಲ್ಲ. "ಗುಡಿ ಕಟ್ಟಿ ಮ್ಯಾಲ ಸರ್ ಬಂದು ಗಣಿತ ಹೇಳ್ತಿದ್ರು, ತಪ್ಪಾದ್ರ ಅಲ್ಲೇ ತಿದ್ತಿದ್ರು" ಎಂದಳು ಒಬ್ಬ ಹುಡುಗಿ. ಕೆಲವೇ ವಾರ ನಡೆದ ಪಾಠ ನಾಲ್ಕು ವರ್ಷದ ಮೇಲೂ ಅವಳಿಗೆ ನೆನಪಿತ್ತು. ಅವಳ ಲೆಕ್ಕ ತಪ್ಪಾದಾಗ ಪಕ್ಕದಲ್ಲಿ ಒಬ್ಬರಿದ್ದರು.

ಮರುಪಾಠ

ಉಪನ್ಯಾಸಕಿಯವರ ಅನುಮತಿ ಪಡೆದು ಅದೇ ಪಾಠವನ್ನು ಮತ್ತೆ ಮಾಡಿದೆ. ಅದಕ್ಕೂ ಮುನ್ನ ಎರಡು ಸಂಜೆ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಒಬ್ಬಳೇ ಕುಳಿತು, ಜೋಡಿಸಿ ಬಿಚ್ಚಿ, ಮತ್ತೆ ಜೋಡಿಸಿದೆ. ಪಾಠದಲ್ಲಿ ಮೂರು ಬದಲಾವಣೆ ಮಾಡಿಕೊಂಡೆ.

1. ತಪ್ಪು ಮಂಡಲಗಳ ಚಿತ್ರವಿರುವ ಕಾರ್ಡುಗಳನ್ನು ಮೊದಲು ಕೊಟ್ಟೆ. ನನ್ನ ಹಿಂದಿನ ಜೋಡಣೆಯೂ ಅದರಲ್ಲಿತ್ತು. ಎಲ್ಲಿ ತಪ್ಪಿದೆ, ಏಕೆ ಎಂದು ಮಕ್ಕಳೇ ಹೇಳಿದರು.

2. ಕೀ ಹಾಕುವ ಮೊದಲು ಸೆಲ್ಲಿನ ಧನ ತುದಿಯಿಂದ ಋಣ ತುದಿಯವರೆಗೆ ಬೆರಳಿನಿಂದ ದಾರಿ ಓದಬೇಕು. ಅಮ್ಮೀಟರ್ ದಾರಿಯಲ್ಲೇ ಸಿಗಬೇಕು, ವೋಲ್ಟ್‌ಮೀಟರ್ ಪಕ್ಕದ ಕವಲಿನಲ್ಲಿರಬೇಕು.

3. ಶಾಲೆಯಲ್ಲಿ ಇದ್ದ ಮೀಟರುಗಳಿಗೆ ಸರಿಯಾಗಿ ಎರಡೇ ಗುಂಪು. ಆದರೆ ಪ್ರತಿ ಮಗುವೂ ಸರದಿಯಂತೆ ಒಮ್ಮೆ ಜೋಡಿಸಲೇಬೇಕು. ಒಂದು ಅವಧಿ ಸಾಲದೆ ಎರಡು ಅವಧಿ ಬೇಕಾಯಿತು.

ಆಡಳಿತಕ್ಕೆ ಕೆಲವು ಸಲಹೆಗಳು

ಆನ್‌ಲೈನ್ ಬೋಧನೆ ಕೋವಿಡ್ ಜೊತೆಗೆ ಹೋಗಿಬಿಟ್ಟಿಲ್ಲ. 2021ರ ಮೇ ತಿಂಗಳಲ್ಲಿ ಯುಜಿಸಿ ಪ್ರಕಟಿಸಿದ ಮಿಶ್ರ ಕಲಿಕೆಯ ಕರಡು ಟಿಪ್ಪಣಿಯಲ್ಲಿ ಕೋರ್ಸಿನ ಶೇ. 40ರವರೆಗಿನ ಭಾಗವನ್ನು ಆನ್‌ಲೈನಿನಲ್ಲಿ ಕಲಿಸುವ ಪ್ರಸ್ತಾವವಿದೆ. ಹೀಗಾಗಿ ಈ ಸಲಹೆಗಳು ಮುಂದಿನವರಿಗೂ ಅನ್ವಯಿಸುತ್ತವೆ ಎಂದುಕೊಂಡಿದ್ದೇನೆ.

ಅ) ಎಷ್ಟು ಗಂಟೆ ಪಾಠ ನಡೆಯಿತು, ಎಷ್ಟು ವೀಡಿಯೊ ಕಳಿಸಲಾಯಿತು ಎಂಬುದರ ಜೊತೆಗೆ, ವಿದ್ಯಾರ್ಥಿಗಳ ಎಷ್ಟು ತಪ್ಪುಗಳನ್ನು ಅಧ್ಯಾಪಕರು ನೋಡಿ ತಿದ್ದಿದರು ಎಂಬ ದಾಖಲೆಯೂ ಇರಲಿ. ಒಬ್ಬ ವಿದ್ಯಾರ್ಥಿಯ ತಪ್ಪೂ ಕಾಣದ ಪಾಠವನ್ನು ಮುಗಿದ ಪಾಠವೆಂದು ಬರೆಯಬಾರದು.

ಆ) ಪ್ರಯೋಗಗಳನ್ನು ಆನ್‌ಲೈನ್ ಪಾಲಿನಿಂದ ಹೊರಗಿಡಲಿ. ಅನಿವಾರ್ಯವಾಗಿ ತಪ್ಪಿದರೆ, ಕಾಲೇಜು ತೆರೆದ ಮೇಲೆ ಅಂಕವಿಲ್ಲದ ಸೇತುಬಂಧ ದಿನಗಳನ್ನು ಇಡಲಿ. ಅಂಕ ಹಾಗೇ ಉಳಿಯಲಿ, ಕಲಿಕೆಯೂ ಸಿಗಲಿ.

ಇ) ಅಹವಾಲು ಘಟಕದ ಫೋನ್ ಸಂಖ್ಯೆ ಕನ್ನಡದಲ್ಲಿ, ಪ್ರವೇಶ ಪತ್ರದ ಜೊತೆಗೇ ವಿದ್ಯಾರ್ಥಿಯ ಕೈಗೆ ಬರಲಿ.

ಈ) ಬಿ.ಇಡಿ. ಕಾಲೇಜುಗಳು ವಿಜ್ಞಾನದ ಪ್ರಶಿಕ್ಷಣಾರ್ಥಿಗಳಿಗೆ ಅಭ್ಯಾಸ ಪಾಠಕ್ಕೆ ಮುನ್ನ ಪ್ರೌಢಶಾಲೆಯ ಪ್ರಯೋಗಗಳನ್ನು ಒಬ್ಬೊಬ್ಬರಿಂದಲೇ ಮಾಡಿಸಲಿ. ನನ್ನ ಕೊರತೆ ನಲವತ್ತು ಮಕ್ಕಳ ಮುಂದೆ ಬಯಲಾಗುವ ಬದಲು ಪ್ರಯೋಗಾಲಯದಲ್ಲೇ ಬಯಲಾಗಬಹುದಿತ್ತು.

ಉಪಸಂಹಾರ

ಹುಕ್ಕೇರಿ ತಾಲೂಕಿನಲ್ಲಿ ಹಳ್ಳಿಗಳಿಗೆ ಕರೆಂಟು ಕೊಡುವುದು 1969ರಲ್ಲಿ ನೋಂದಣಿಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ದೂರದವರು ಕೊಡುವ ತನಕ ಕಾಯದೆ, ಊರವರೇ ಸೇರಿ ತಮ್ಮ ಮನೆಗೆ ಲೈನ್ ಎಳೆಸಿಕೊಂಡರು. ಕಲಿಕೆಯ ಕೊರತೆಯಲ್ಲೂ ನಮ್ಮ ಪಾಲಿನ ಕೆಲಸ ನಾವು ಮಾಡಬೇಕು. ನೀತಿ ಬದಲಾಗುವವರೆಗೆ ನಾನು ಎರಡು ಸಂಜೆ ಪ್ರಯೋಗಾಲಯದಲ್ಲಿ ಕುಳಿತುಕೊಳ್ಳಬಲ್ಲೆ.

ಮರುಪಾಠದ ದಿನ ಒಂದು ಗುಂಪಿನಲ್ಲಿ ಹುಡುಗಿಯೊಬ್ಬಳು ತಾನಾಗಿಯೇ ನೋಟ್‌ಬುಕ್ ತೆರೆದು, ಗೆರೆ ಎಳೆದು, ರೀಡಿಂಗ್ ಬರೆಯಲು ಕುಳಿತಿದ್ದಳು. ಅಕ್ಷರ ಬಹಳ ಚೆಂದ. ಆ ನೋಟ್‌ಬುಕ್ಕನ್ನು ಮೋಟರ್ ರಿಪೇರಿಯವರ ಮಗನ ಕೈಗೆ ಕೊಟ್ಟು, ವೈರುಗಳನ್ನು ಅವಳ ಕೈಗೆ ಕೊಟ್ಟೆ. ಮೊದಲ ಸಲ ತಪ್ಪಿದಳು. ಬೆರಳಿನಿಂದ ದಾರಿ ಓದುತ್ತಿದ್ದಾಗ ತಾನೇ ಕಂಡುಕೊಂಡು, ಒಂದು ವೈರು ಕಿತ್ತು ಬೇರೆ ಕಡೆ ಸಿಕ್ಕಿಸಿದಳು. ಆಮೇಲೆ ನನ್ನ ಕಡೆ ನೋಡಿ, "ಈಗ ಕೀ ಹಾಕ್ಲ್ಯಾ ಟೀಚರ್?" ಎಂದು ಕೇಳಿದಳು.