ನೆರೆಮನೆಯ ಭಾರ, ನಮ್ಮ ಮನೆಯ ಪಾಯ

ನಿವೇಶನದ ಎಲ್ಲೆಯನ್ನು ನಕ್ಷೆಯ ಮೇಲೆ ಗೆರೆಯೆಳೆದು ತೋರಿಸಬಹುದು. ನೆಲದೊಳಗಿನ ಮಣ್ಣಿಗೆ ಆ ಗೆರೆಯ ಪರಿವೆಯಿಲ್ಲ. ಮನೆಯ ಭಾರವು ಪಾಯದ ಕೆಳಗೆ ನೇರವಾಗಿ ಮಾತ್ರ ಇಳಿಯುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಸ್ತುಸ್ಥಿತಿ ಹಾಗಿಲ್ಲ. ಅದು ಇಳಿಯುತ್ತ ಇಳಿಯುತ್ತ ಪಕ್ಕಕ್ಕೂ ಹರಡುತ್ತದೆ. ಹಗ್ಗದ ಮಂಚದ ನಡುವೆ ಹಿರಿಯರೊಬ್ಬರು ಕುಳಿತೊಡನೆ ಪಕ್ಕದಲ್ಲಿ ಕುಳಿತ ಹುಡುಗನು ಅವರ ಕಡೆಗೆ ವಾಲುವುದನ್ನು ನೀವೆಲ್ಲರೂ ಕಂಡಿರುವಿರಷ್ಟೆ.

ಈ ಹರಡುವಿಕೆಯನ್ನು ಫ್ರಾನ್ಸ್ ದೇಶದ ಬೂಸಿನೆಸ್ಕ್ ಎಂಬ ಗಣಿತಜ್ಞನು 1885ರಲ್ಲಿ ಸೂತ್ರಬದ್ಧಗೊಳಿಸಿದನು. ಆ ಗಣಿತ ಕಠಿಣವಾದುದು; ಸ್ಥೂಲ ಲೆಕ್ಕಕ್ಕೆ ಇಂಜಿನಿಯರುಗಳು ಸುಲಭವಾದ ವಿಧಾನವೊಂದನ್ನು ಬಳಸುತ್ತಾರೆ. 2 ಮೀಟರ್ ಆಳಕ್ಕೆ ಇಳಿದಾಗ ಭಾರವು ಪ್ರತಿ ಪಕ್ಕಕ್ಕೂ 1 ಮೀಟರ್ ಹರಡುವುದೆಂದು ತಿಳಿಯತಕ್ಕದ್ದು. 2 ಮೀಟರ್ ಉದ್ದಗಲದ ಚೌಕ ಪಾಯದ ಮೇಲೆ 40 ಟನ್ ಭಾರವಿದ್ದರೆ, ತಳದಲ್ಲಿ ಚದರ ಮೀಟರಿಗೆ 10 ಟನ್ ಒತ್ತಡ. 2 ಮೀಟರ್ ಕೆಳಗೆ ಅದೇ ಭಾರವು 16 ಚದರ ಮೀಟರಿಗೆ ಹಂಚಿಹೋಗಿ, ಒತ್ತಡ ಎರಡೂವರೆ ಟನ್ನಿಗೆ ಇಳಿಯುತ್ತದೆ. ಇಳಿಯಿತೆಂದು ಸಮಾಧಾನಪಡುವ ಮುನ್ನ ನೆರೆಯ ಪಾಯವನ್ನು ನೆನೆಯಿರಿ. ಎರಡು ಪಾಯಗಳ ನಡುವೆ 1 ಮೀಟರ್ ಅಂತರವಿದ್ದರೆ, 1 ಮೀಟರ್ ಆಳದಲ್ಲಿಯೇ ಅವುಗಳ ಒತ್ತಡಗಳು ಸಂಧಿಸುತ್ತವೆ. ಅಲ್ಲಿಂದ ಕೆಳಗಿನ ಮಣ್ಣು ಎರಡನ್ನೂ ಹೊರಬೇಕು.

ನಮ್ಮ ಇಂದಿರಾಪುರಂ ಹಿಂಡನ್ ನದಿಯ ಪಡುವಣ ಬದಿಯ ಮೆಕ್ಕಲು ಮಣ್ಣಿನ ಮೇಲೆ ನಿಂತಿದೆ. ನ್ಯಾಯಖಂಡ, ಜ್ಞಾನಖಂಡಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳನ್ನು ಕಾಣುತ್ತೇವೆ. ಹಳೆಯ ಮನೆಯ ಅಡಿಯ ಮಣ್ಣು ತನ್ನ ಪಾಲಿನ ಹೊರೆಗೆ ಎಂದೋ ಕುಗ್ಗಿ ನೆಲೆಗೊಂಡಿರುತ್ತದೆ. ಪಕ್ಕದಲ್ಲಿ ನಾಲ್ಕು ಮಹಡಿಯ ಕಟ್ಟಡ ಎದ್ದಿತೆನ್ನಿ: ಹೊಸ ಭಾರವು ಆ ಬದಿಯ ಮಣ್ಣನ್ನು ಮತ್ತೆ ಕುಗ್ಗಿಸುತ್ತದೆ, ಆಚೆಯ ಬದಿ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಹಳೆಯ ಮನೆ ಹೊಸದರ ಕಡೆಗೆ ವಾಲುತ್ತದೆ; ಕಿಟಕಿಯ ಮೂಲೆಯಿಂದ ಓರೆಯಾದ ಬಿರುಕು ಹೊರಡುತ್ತದೆ. ಒಂದೇ ಸಮನಾಗಿ ತಗ್ಗಿದ ಮನೆಗೆ ಅಷ್ಟು ಹಾನಿಯಿಲ್ಲ. ಒಂದು ಬದಿ ಮಾತ್ರ ತಗ್ಗುವುದೇ ಕೇಡು.

ಭಾರ ಹೇರುವುದಕ್ಕಿಂತಲೂ ಪಕ್ಕದ ಮಣ್ಣನ್ನು ತೆಗೆಯುವುದು ಹಲವೊಮ್ಮೆ ಹೆಚ್ಚು ಅಪಾಯಕರ, ಏಕೆಂದರೆ ಪಾಯವನ್ನು ಹೊತ್ತ ಮಣ್ಣಿಗೆ ಅಕ್ಕಪಕ್ಕದ ಮಣ್ಣೇ ಒತ್ತಾಸೆ. 2018ರ ಜುಲೈ ತಿಂಗಳ ಮಳೆಯಲ್ಲಿ, ನೆರೆಯ ವಸುಂಧರಾದಲ್ಲಿ ಕಟ್ಟಡಕ್ಕಾಗಿ ತೋಡಿದ್ದ ಆಳವಾದ ಗುಂಡಿಯ ಬದಿಯ ರಸ್ತೆ ಕುಸಿಯಿತು. ಸಮೀಪದ ವಸತಿ ಕಟ್ಟಡಗಳವರು ಮನೆ ಬಿಟ್ಟು ಹೊರಬರಬೇಕಾಯಿತು.

ಗೋಡೆಯ ಬಿರುಕಿಗೆ ಗಾರೆ ಮೆತ್ತಿ ಮರೆಮಾಡುವ ರೂಢಿ ನಮ್ಮಲ್ಲುಂಟು. ಅದು ಸಲ್ಲದು. ಬಿರುಕಿಗೆ ಅಡ್ಡಲಾಗಿ ತೆಳುಗಾಜಿನ ಪಟ್ಟಿಯೊಂದರ ಎರಡು ತುದಿಗಳನ್ನು ಹಿರಿಯರಿಂದ ಗಟ್ಟಿಯಾಗಿ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆದಿಡಿರಿ. ಗಾಜು ಸೀಳಿತೆಂದರೆ ಗೋಡೆ ಇನ್ನೂ ಕದಲುತ್ತಿದೆ ಎಂದರ್ಥ. ತಡಮಾಡದೆ ಇಂಜಿನಿಯರನ್ನು ಕರೆಸತಕ್ಕದ್ದು.