ಹಳೆಯ ಪಿಕಪ್ಪಿಗೆ ಮರುಜೀವವೋ, ಹೊಸ ಗಾಡಿಯೋ?

ನಮ್ಮ ಶಾಲೆಯ ಮಕ್ಕಳಲ್ಲಿ ಪಿಕಪ್ ಗಾಡಿಯ ದುಡಿಮೆಯಿಂದಲೇ ಮನೆಯ ಒಲೆ ಉರಿಯುವವರು ಹಲವರಿದ್ದಾರೆ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ತೋಟಗಳ ಅಡಿಕೆ ಗೋಣಿಗಳು ವಿಟ್ಲ, ಪುತ್ತೂರು, ಮಂಗಳೂರಿನ ಪೇಟೆಯನ್ನು ಸೇರುವುದು ಇಂಥ ಗಾಡಿಗಳಲ್ಲಿ. ಕೆಂಪುಕಲ್ಲು, ಸಿಮೆಂಟು, ಬೈಹುಲ್ಲು, ಕಡಲ ಕರೆಯ ಮೀನು, ಮದುವೆ ಮನೆಯ ಪಾತ್ರೆ ಪರಡಿ ಎಲ್ಲಕ್ಕೂ ಅದೇ ಬೇಕು. ಇಂಥ ಗಾಡಿ ಹಳತಾಗಿ ಪದೇ ಪದೇ ಗ್ಯಾರೇಜು ಸೇರತೊಡಗಿದಾಗ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇದನ್ನೇ ಪೂರ್ತಿ ದುರಸ್ತಿ ಮಾಡಿಸುವುದೇ, ಇಲ್ಲ ಹೊಸತು ಕೊಳ್ಳುವುದೇ?

ಕೇಳಿದರೆ ನೆರೆಕರೆಯವರು ಎರಡು ಬಗೆಯ ಉತ್ತರ ಕೊಡುತ್ತಾರೆ. “ಹಳೆಯ ಕಬ್ಬಿಣವೇ ಗಟ್ಟಿ, ಈಗಿನದೆಲ್ಲ ಬರೀ ತಗಡು” ಎಂಬುದು ಒಂದು. “ಹಳೆಯ ಗಾಡಿಗೆ ಹಾಕಿದ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ” ಎಂಬುದು ಇನ್ನೊಂದು. ಎರಡೂ ಕೇಳಲು ಚೆಂದ. ಆದರೆ ಎರಡರಲ್ಲಿಯೂ ಲೆಕ್ಕವಿಲ್ಲ. ಶಾಲೆಯಲ್ಲಿ ಕಲಿತ ವಿಜ್ಞಾನವನ್ನೂ ಗಣಿತವನ್ನೂ ಬಳಸಿ ಈ ಪ್ರಶ್ನೆಯನ್ನು ಕ್ರಮವಾಗಿ ಬಿಡಿಸಲು ಸಾಧ್ಯವೇ ಎಂದು ನಾವಿಲ್ಲಿ ನೋಡೋಣ.

ಮೊದಲು ಬೆನ್ನೆಲುಬು

ಗಾಡಿಯ ಅಡಿಯಲ್ಲಿ ಏಣಿಯ ಆಕಾರದ ಉಕ್ಕಿನ ಚೌಕಟ್ಟೊಂದಿರುತ್ತದೆ. ಉದ್ದಕ್ಕೆ ಎರಡು ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ಇದನ್ನು ಚಾಸಿ ಎನ್ನುತ್ತೇವೆ. ಎಂಜಿನು, ಚಾಲಕನ ಕೋಣೆ, ಸಾಮಾನು ತುಂಬುವ ಡೆಕ್ಕು, ಚಕ್ರಗಳ ಮೇಲಿನ ಸ್ಪ್ರಿಂಗ್ ಪ್ಲೇಟುಗಳು, ಇವೆಲ್ಲವೂ ಅದನ್ನೇ ಆಧರಿಸಿವೆ. ಎಂಜಿನನ್ನು ಬಿಚ್ಚಿ ಹೊಸ ಭಾಗ ಹಾಕಬಹುದು. ಡೆಕ್ಕಿನ ತಗಡನ್ನು ಬದಲಿಸಬಹುದು. ಚಾಸಿ ಕೊಳೆತರೆ ಮಾತ್ರ ಉಳಿದುದೆಲ್ಲ ವ್ಯರ್ಥ.

ಚಾಸಿಯ ಶತ್ರು ತುಕ್ಕು. ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ, ಈ ಮೂರೂ ಕೂಡಿದಾಗ ತುಕ್ಕು ಹುಟ್ಟುತ್ತದೆ. ನೀರಿನಲ್ಲಿ ಉಪ್ಪು ಕರಗಿದ್ದರೆ ಅದು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದರಿಂದ ಈ ಕ್ರಿಯೆ ಇನ್ನಷ್ಟು ಬೇಗ ನಡೆಯುತ್ತದೆ. ಅಲ್ಯುಮಿನಿಯಮಿನ ಮೇಲೆ ಕಟ್ಟುವ ಆಕ್ಸೈಡಿನ ಪದರ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ; ಉಬ್ಬಿ, ಪದರ ಪದರವಾಗಿ ಉದುರಿ, ಒಳಗಿನ ಹೊಸ ಲೋಹವನ್ನು ನೀರಿಗೆ ಒಡ್ಡುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಒಂದು ಬದಿಯಲ್ಲಿ ಕಡಲಿರುವ ನಮ್ಮ ಕಾಸರಗೋಡಿನಲ್ಲಿ ಗಾಡಿಗಳು ಬಯಲುಸೀಮೆಯ ಗಾಡಿಗಳಿಗಿಂತ ಬೇಗ ತುಕ್ಕು ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ. ಮೀನು ಸಾಗಿಸುವ ಗಾಡಿಯ ಡೆಕ್ಕಿನಿಂದಂತೂ ಉಪ್ಪುನೀರು ನೇರವಾಗಿ ಚಾಸಿಯ ಮೇಲೆಯೇ ತೊಟ್ಟಿಕ್ಕುತ್ತದೆ.

ಪರೀಕ್ಷೆ ಕಷ್ಟವೇನಲ್ಲ. ಗ್ಯಾರೇಜಿನಲ್ಲಿ ಗಾಡಿಯನ್ನು ಸುರಕ್ಷಿತವಾಗಿ ಎತ್ತಿಸಿ ನಿಲ್ಲಿಸಿ, ಅಡಿಯ ಕೆಸರನ್ನೆಲ್ಲ ತೊಳೆಸಬೇಕು. ಒಣಗಿದ ಮೇಲೆ ಮೆಕ್ಯಾನಿಕ್ ಸಣ್ಣ ಸುತ್ತಿಗೆಯಿಂದ ತೊಲೆಯ ಉದ್ದಕ್ಕೂ ತಟ್ಟುತ್ತ ಹೋದರೆ ಗಟ್ಟಿ ಉಕ್ಕು ಠಣ್ಣೆನ್ನುತ್ತದೆ. ಕೊಳೆತ ಜಾಗ ಮಂದ ಸದ್ದು ಮಾಡಿ ಚಕ್ಕೆ ಉದುರಿಸುತ್ತದೆ. ಸ್ಪ್ರಿಂಗ್ ಪ್ಲೇಟುಗಳನ್ನು ಬೋಲ್ಟು ಹಾಕಿ ಬಿಗಿದ ಜಾಗ, ಅಡ್ಡಪಟ್ಟಿಗಳು ಕೂಡುವ ಮೂಲೆ, ಹಿಂದೆಂದೋ ವೆಲ್ಡಿಂಗ್ ಮಾಡಿದ ಗುರುತು, ಇವನ್ನು ವಿಶೇಷವಾಗಿ ನೋಡಬೇಕು. ಮೇಲ್ಮೈಯ ತುಕ್ಕನ್ನು ಕೆರೆದು ಬಣ್ಣ ಬಳಿಯಬಹುದು. ತೂತು ಬಿದ್ದ, ಬಿರುಕು ಬಿಟ್ಟ ಚಾಸಿಗೆ ಬಣ್ಣ ಬಳಿದರೆ ರೋಗವನ್ನು ಮುಚ್ಚಿಟ್ಟಂತೆ. ಭಾರ ಹೊತ್ತು ಘಟ್ಟದ ದಾರಿಯಲ್ಲಿ ಹೋಗುವಾಗ ಅದು ಮುರಿದರೆ ಚಾಲಕನಿಗೆ ಮಾತ್ರವಲ್ಲ, ಎದುರು ಬರುವವರಿಗೂ ಪ್ರಾಣಾಪಾಯ. ಇಂಥ ಗಾಡಿಯ ವಿಷಯದಲ್ಲಿ ಮುಂದಿನ ಲೆಕ್ಕವೇ ಬೇಡ. ಅದನ್ನು ಬಿಡುವುದೇ ಸರಿ.

ಎಂಜಿನು ಹೇಳುವ ಮಾತು

ಚಾಸಿ ಗಟ್ಟಿಯಿದ್ದರೆ ಎಂಜಿನಿನ ಕಡೆಗೆ ತಿರುಗೋಣ. ಡೀಸೆಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಪಿಸ್ಟನಿನ ರಿಂಗುಗಳೂ ಲೈನರುಗಳೂ ಸವೆದರೆ ಒತ್ತಡ ಸೋರಿಹೋಗುತ್ತದೆ. ಆಗ ಬೆಳಗ್ಗೆ ಗಾಡಿ ಚಾಲೂ ಆಗದು, ಏರಿನಲ್ಲಿ ಎಳೆಯದು, ಡೀಸೆಲ್ ಮಾತ್ರ ಹೆಚ್ಚು ಕುಡಿಯುತ್ತದೆ.

ಹೊಗೆಯ ಬಣ್ಣವೂ ಒಂದು ಭಾಷೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ದಟ್ಟ ಕಪ್ಪು ಹೊಗೆ ಬಂದರೆ ಗಾಳಿಗಿಂತ ಡೀಸೆಲ್ ಹೆಚ್ಚಾಗಿದೆ. ಇದು ಕೆಲವೊಮ್ಮೆ ಗಾಳಿಯ ಫಿಲ್ಟರು ಬದಲಿಸಿದರೆ ಅಥವಾ ಇಂಜೆಕ್ಟರು ಸರಿಪಡಿಸಿದರೆ ತೀರುವ ತೊಂದರೆ. ಎಂಜಿನು ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ರೇಡಿಯೇಟರಿನ ನೀರು ಒಳಗೆ ಸೋರುತ್ತಿದೆ. ಎಂಜಿನನ್ನು ಪೂರ್ತಿ ಬಿಚ್ಚುವ ಮೊದಲು ಒತ್ತಡ ಅಳೆಯಿಸಿ ನೋಡಬೇಕು. ಸಣ್ಣ ರೋಗಕ್ಕೆ ದೊಡ್ಡ ಶಸ್ತ್ರಚಿಕಿತ್ಸೆ ಬೇಡ.

ಹೊಸ ಗಾಡಿಯ ಗುಣದೋಷಗಳನ್ನೂ ತಿಳಿಯಬೇಕು. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿ.ಎಸ್.-6 ಎಂಬ ಹೊಗೆ ನಿಯಮ ಜಾರಿಗೆ ಬಂದಿದೆ. ಡೀಸೆಲ್ ಕಾರುಗಳ ಮಟ್ಟಿಗೆ ಹೇಳುವುದಾದರೆ ನೈಟ್ರೋಜನ್ ಆಕ್ಸೈಡುಗಳ ಮಿತಿ ಕಿಲೋಮೀಟರಿಗೆ 0.25 ಗ್ರಾಮಿನಿಂದ 0.08 ಗ್ರಾಮಿಗೆ ಇಳಿದಿದೆ. ನಮ್ಮ ಮಕ್ಕಳ ಶ್ವಾಸಕೋಶಕ್ಕೆ ಇದು ದೊಡ್ಡ ಉಪಕಾರ. ಆದರೆ ಇಂಥ ಎಂಜಿನುಗಳಲ್ಲಿ ಸೆನ್ಸರುಗಳೂ ವಿದ್ಯುನ್ಮಾನ ಭಾಗಗಳೂ ಹೆಚ್ಚು. ಹಳೆಯ ಗಾಡಿಯಂತೆ ಪೇಟೆಯ ಯಾವ ಗ್ಯಾರೇಜಿನಲ್ಲಾದರೂ ಸ್ಪ್ಯಾನರು ಹಿಡಿದು ಸರಿಮಾಡಿಸಲಾಗದು. ಹತ್ತಿರದ ಸರ್ವಿಸ್ ಕೇಂದ್ರ ಎಷ್ಟು ದೂರವಿದೆ ಎಂದು ಕೊಳ್ಳುವ ಮೊದಲೇ ಕೇಳಬೇಕು.

ಲೆಕ್ಕದ ಹಾಳೆ

ಈಗ ಗಣಿತಕ್ಕೆ ಬರೋಣ. ಕೆಳಗಿನ ಅಂಕಿಗಳು ಅಭ್ಯಾಸಕ್ಕಾಗಿ ಇಟ್ಟುಕೊಂಡವು. ನಿಮ್ಮ ಮನೆಯ ಅಂಕಿಗಳನ್ನು ಅವುಗಳ ಜಾಗದಲ್ಲಿ ಬರೆದುಕೊಳ್ಳಿ.

ಗಾಡಿ ದಿನಕ್ಕೆ 50 ಕಿ.ಮೀ.ನಂತೆ ವರ್ಷಕ್ಕೆ 308 ದಿನ, ಅಂದರೆ 15,400 ಕಿ.ಮೀ. ಓಡುತ್ತದೆ ಎನ್ನೋಣ. ಡೀಸೆಲ್ ಲೀಟರಿಗೆ 95 ರೂ. ಹಳೆಯದು ಲೀಟರಿಗೆ 11 ಕಿ.ಮೀ., ಹೊಸದು 14 ಕಿ.ಮೀ. ಕೊಡಲಿ. ಆಗ ಹಳೆಯದಕ್ಕೆ 1,400 ಲೀಟರು, ಹೊಸದಕ್ಕೆ 1,100 ಲೀಟರು ಬೇಕು.

ಹಳೆಯ ಗಾಡಿಯ ಪೂರ್ತಿ ದುರಸ್ತಿಗೆ 2,00,000 ರೂ. ತಗಲಿ, ಅದು ಇನ್ನು 4 ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೆ ವರ್ಷದ ಪಾಲು 50,000 ರೂ. ಇಂದು ಮಾರಿದರೆ 1,00,000 ರೂ. ಬರುವ ಆ ಗಾಡಿಗೆ 4 ವರ್ಷದ ಬಳಿಕ 40,000 ರೂ. ಮಾತ್ರ ಬಂದರೆ ಬೆಲೆಯಿಳಿತ ವರ್ಷಕ್ಕೆ 15,000 ರೂ. ಆಗಾಗಿನ ರಿಪೇರಿ, ಟಯರು 45,000 ರೂ. ಡೀಸೆಲ್ 1,33,000 ರೂ. ವಿಮೆ, ತೆರಿಗೆ, ಫಿಟ್‌ನೆಸ್ 25,000 ರೂ. ಒಟ್ಟು ವರ್ಷಕ್ಕೆ 2,68,000 ರೂ.

ಹೊಸ ಗಾಡಿಯ ಬೆಲೆ 9,00,000 ರೂ. ಆಗಿದ್ದು, 10 ವರ್ಷದ ಬಳಿಕ 2,00,000 ರೂ.ಗೆ ಮಾರಿದರೆ ಬೆಲೆಯಿಳಿತ ವರ್ಷಕ್ಕೆ 70,000 ರೂ. 2,00,000 ರೂ. ಕೈಯಿಂದ ಕೊಟ್ಟು, ಉಳಿದ 7,00,000 ರೂ.ಗೆ ಶೇಕಡಾ 10ರ ಬಡ್ಡಿಯಲ್ಲಿ 5 ವರ್ಷದ ಸಾಲ ತೆಗೆದರೆ ತಿಂಗಳ ಕಂತು ಸುಮಾರು 14,873 ರೂ., ಒಟ್ಟು ಬಡ್ಡಿ ಸುಮಾರು 1,92,380 ರೂ. ಇದನ್ನು 10 ವರ್ಷಕ್ಕೆ ಹಂಚಿದರೆ 19,240 ರೂ. ರಿಪೇರಿ 20,000, ಡೀಸೆಲ್ 1,04,500, ವಿಮೆ ಮತ್ತು ತೆರಿಗೆ 40,000 ರೂ. ಒಟ್ಟು ವರ್ಷಕ್ಕೆ ಸುಮಾರು 2,53,740 ರೂ.

ಹೊಸದೇ ವರ್ಷಕ್ಕೆ 14,260 ರೂ. ಅಗ್ಗವೆಂದಾಯಿತು. ಆದರೆ ಈ ಗೆಲುವು ಬಂದುದು ಮುಖ್ಯವಾಗಿ ಡೀಸೆಲಿನಿಂದ. ಗಾಡಿ ಕಡಿಮೆ ಓಡಿದರೆ ಈ ಲಾಭ ಕರಗುತ್ತ ಹೋಗುತ್ತದೆ. ಇದೇ ಅಂಕಿಗಳಲ್ಲಿ ದಿನಕ್ಕೆ ಸುಮಾರು 25 ಕಿ.ಮೀ. ಆದಾಗ ಎರಡೂ ಸಮವಾಗುತ್ತವೆ. ಅದಕ್ಕಿಂತ ಕಡಿಮೆ ಓಡುವ, ಸ್ವಂತ ತೋಟದ ಕೆಲಸಕ್ಕೆ ಮಾತ್ರ ಬಳಸುವ ಗಾಡಿಗೆ ದುರಸ್ತಿಯೇ ಲೇಸು.

ವರ್ಷದ ಖರ್ಚು ಬೇರೆ, ಕೈಯಲ್ಲಿರುವ ಹಣ ಬೇರೆ

ಇಲ್ಲಿಗೇ ನಿಂತರೆ ಲೆಕ್ಕ ಅರ್ಧವೇ ಆಯಿತು. ಹೊಸ ಗಾಡಿಯ ಕಂತು, ಡೀಸೆಲ್, ರಿಪೇರಿ, ವಿಮೆ ಕೂಡಿಸಿದರೆ ಮೊದಲ ಐದು ವರ್ಷ ತಿಂಗಳಿಗೆ ಸುಮಾರು 28,580 ರೂ. ಕೈಯಿಂದ ಹೋಗುತ್ತದೆ. ಹಳೆಯದಕ್ಕೆ ದುರಸ್ತಿಯ ಮೊತ್ತವನ್ನು ಒಮ್ಮೆ ಕೊಟ್ಟ ಮೇಲೆ ತಿಂಗಳಿಗೆ ಸುಮಾರು 16,920 ರೂ. ಸಾಕು. ಅಡಿಕೆ ಕೊಯ್ಲಿನ ಕಾಲದಲ್ಲಿ ಬಾಡಿಗೆ ಚೆನ್ನಾಗಿರುತ್ತದೆ. ಜೂನಿನಿಂದ ಸೆಪ್ಟೆಂಬರಿನ ತನಕ ಮಳೆ ಹಿಡಿದಾಗ ಬಾಡಿಗೆ ಇಳಿಯುತ್ತದೆ. ಕಂತು ಮಾತ್ರ ಇಳಿಯುವುದಿಲ್ಲ. ಶಾಲೆ ತೆರೆಯುವುದೂ ಜೂನಿನಲ್ಲಿಯೇ. ಆದುದರಿಂದ ಮಳೆಗಾಲದ ನಾಲ್ಕು ತಿಂಗಳ ಕಂತನ್ನು ಮೊದಲೇ ತೆಗೆದಿಡಲು ಶಕ್ತಿ ಇದ್ದವರು ಮಾತ್ರ ಸಾಲಕ್ಕೆ ಕೈಹಾಕಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಇದಕ್ಕೇ.

ಬಡ್ಡಿಯ ದರವನ್ನು ಕೇಳುವಾಗಲೂ ಎಚ್ಚರ ಬೇಕು. “ಬರೀ ಶೇಕಡಾ 7, ಫ್ಲಾಟ್” ಎಂದು ಯಾರಾದರೂ ಹೇಳಿದರೆ ಲೆಕ್ಕ ಹಾಕಿ ನೋಡಿ. ಫ್ಲಾಟ್ ಬಡ್ಡಿ ಎಂದರೆ ಸಾಲ ತೀರುತ್ತ ಬಂದರೂ ಮೊದಲಿನ ಪೂರ್ತಿ ಅಸಲಿಗೇ ಬಡ್ಡಿ. 7,00,000 ರೂ.ಗೆ 5 ವರ್ಷಕ್ಕೆ ಅದು 2,45,000 ರೂ. ಆಗುತ್ತದೆ. ಉಳಿದ ಬಾಕಿಯ ಮೇಲೆ ಮಾತ್ರ ಲೆಕ್ಕ ಹಾಕುವ ಶೇಕಡಾ 10ರ ಬಡ್ಡಿ 1,92,380 ರೂ. ಮಾತ್ರ. ಏಳು ಹತ್ತಕ್ಕಿಂತ ದೊಡ್ಡದಾಗುವುದು ಹೀಗೆ!

ಕಾಗದಪತ್ರಗಳು

ಬಾಡಿಗೆಗೆ ಓಡುವ ಗಾಡಿಗೆ ಫಿಟ್‌ನೆಸ್ ಪತ್ರ ಬೇಕು. 2018ರ ತಿದ್ದುಪಡಿಯಂತೆ ಗಾಡಿಗೆ 8 ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಆ ಬಳಿಕ ಪ್ರತಿವರ್ಷ ಅದನ್ನು ನವೀಕರಿಸಬೇಕು. 15 ವರ್ಷ ದಾಟಿದ ಗಾಡಿಗಳ ಶುಲ್ಕ 2022ರ ಏಪ್ರಿಲಿನಿಂದ ಬಹಳ ಏರಿದೆ. ಅಂದಂದಿನ ದರವನ್ನು ಸಾರಿಗೆ ಕಚೇರಿಯಲ್ಲಿ ಕೇಳಿ ತಿಳಿದು ಲೆಕ್ಕದ ಹಾಳೆಯಲ್ಲಿ ಸೇರಿಸಬೇಕು.

ಗಡಿನಾಡಿನವರಾದ ನಮಗೆ ಇನ್ನೊಂದು ವಿಷಯ ಮುಖ್ಯ. ಮೂರನೆಯ ದಾರಿಯಾಗಿ ಸುಳ್ಯದಿಂದಲೋ ಮಂಗಳೂರಿನಿಂದಲೋ ಬಳಸಿದ ಗಾಡಿ ಕೊಳ್ಳುವವರಿದ್ದಾರೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಒಂದು ರಾಜ್ಯದಲ್ಲಿ ನೋಂದಾಯಿಸಿದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗೂ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೊದಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಅದು ಕೈಗೆ ಬರುವ ಮೊದಲು ಪೂರ್ತಿ ಹಣ ಕೊಡಬಾರದು.

ಹಳೆಯ ಗಾಡಿಯನ್ನು ಬಿಡುವುದೇ ನಿಶ್ಚಯವಾದರೆ ಸುಮ್ಮನೆ ಗುಜರಿಯವನಿಗೆ ಕೊಡಬೇಡಿ. ಆರ್.ಸಿ. ರದ್ದಾಗದಿದ್ದರೆ ಗಾಡಿ ನಿಮ್ಮ ಹೆಸರಿನಲ್ಲಿಯೇ ಉಳಿಯುತ್ತದೆ. 2021ರಲ್ಲಿ ಬಂದ ಗುಜರಿ ನೀತಿಯಂತೆ ಮಾನ್ಯತೆ ಪಡೆದ ಕೇಂದ್ರಕ್ಕೆ ಒಪ್ಪಿಸಿದರೆ ಒಂದು ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿದರೆ ಹೊಸ ಬಾಡಿಗೆ ಗಾಡಿಯ ರಸ್ತೆ ತೆರಿಗೆಯಲ್ಲಿ ಶೇಕಡಾ 15ರ ತನಕ ರಿಯಾಯಿತಿ ಕೊಡಲು ರಾಜ್ಯಗಳಿಗೆ ಅವಕಾಶವಿದೆ.

ಕೊನೆಯ ಮಾತು

ಒಟ್ಟಿನಲ್ಲಿ ಕ್ರಮ ಹೀಗೆ: ಚಾಸಿ ಕೆಟ್ಟಿದ್ದರೆ ಗಾಡಿಯನ್ನು ಬಿಡಿ. ಚಾಸಿ ಗಟ್ಟಿಯಿದ್ದು ಓಡಾಟ ಕಡಿಮೆಯಿದ್ದರೆ ದುರಸ್ತಿ ಮಾಡಿಸಿ. ಓಡಾಟ ಹೆಚ್ಚಿದ್ದು, ಮಳೆಗಾಲದ ಕಂತಿಗೂ ದಾರಿಯಿದ್ದರೆ ಹೊಸದನ್ನು ಕೊಳ್ಳಿ. ಓಡಾಟ ಹೆಚ್ಚಿದ್ದರೂ ಕಂತಿಗೆ ದಾರಿ ಕಾಣದಿದ್ದರೆ ಗಟ್ಟಿ ಚಾಸಿಯ ಹಳೆಯ ಗಾಡಿಯನ್ನೇ ದುರಸ್ತಿ ಮಾಡಿಸಿ ನಾಲ್ಕು ವರ್ಷ ದುಡಿಸಿ, ಆ ನಡುವೆ ಮುಂಗಡದ ಹಣ ಕೂಡಿಸುವುದು ಜಾಣತನ. ಹಳೆಯ ಗಾಡಿ ಇಟ್ಟುಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಹೊಸತು ಕೊಳ್ಳುವುದರಲ್ಲಿ ದುಂದೂ ಇಲ್ಲ. ಲೆಕ್ಕವಿಲ್ಲದೆ ಯಾವುದನ್ನು ಮಾಡಿದರೂ ಪೆಟ್ಟು ಬೀಳುವುದು ಮನೆಯ ಮಕ್ಕಳ ಓದಿಗೆ. ಮಕ್ಕಳೇ, ಮನೆಯಲ್ಲಿ ಈ ಮಾತು ಎದ್ದಾಗ ಕಾಗದ ಪೆನ್ಸಿಲು ಹಿಡಿದು ಅಪ್ಪನ ಬಳಿಯಲ್ಲಿ ಕುಳಿತುಕೊಳ್ಳಿ. ಹೆತ್ತವರೇ, ಅವರನ್ನು ಕೂರಿಸಿಕೊಳ್ಳಿ.

ಅಭ್ಯಾಸಕ್ಕೆ

1. ಗಾಡಿ ದಿನಕ್ಕೆ 20 ಕಿ.ಮೀ. ಮಾತ್ರ ಓಡಿದರೆ ಎರಡರ ವರ್ಷದ ಖರ್ಚು ಎಷ್ಟೆಷ್ಟು? (ಉತ್ತರ: ಹಳೆಯದು 1,88,200 ರೂ., ಹೊಸದು 1,91,040 ರೂ.)

2. ಹಳೆಯ ಗಾಡಿ ಹೊಸದಕ್ಕಿಂತ ವರ್ಷಕ್ಕೆ 15 ದಿನ ಹೆಚ್ಚು ಗ್ಯಾರೇಜಿನಲ್ಲಿ ನಿಂತು, ದಿನಕ್ಕೆ 1,500 ರೂ. ಸಂಪಾದನೆ ತಪ್ಪಿದರೆ ಮೇಲಿನ ಉತ್ತರ ಹೇಗೆ ಬದಲಾಗುತ್ತದೆ?

3. ಅಲ್ಯುಮಿನಿಯಮಿಗೆ ಇಲ್ಲದ ಯಾವ ದೋಷದಿಂದಾಗಿ ಕಬ್ಬಿಣದ ಚಾಸಿ ಒಳಗೊಳಗೇ ಕೊಳೆಯುತ್ತದೆ?